ಕ್ಲೋರೈಡ್ ಬೀದಿಯ ಧೂಳು

ಇಲ್ಲಿ ಪೇಟೆಯ ಬೀದಿಗಳಿಗೆ ರಸಾಯನಶಾಸ್ತ್ರದ ಹೆಸರು:
ಆಕ್ಸೈಡ್, ಸಲ್ಫೈಡ್, ಬ್ರೋಮೈಡ್. ನಾವಿರುವುದು ಕ್ಲೋರೈಡ್.
ವಿಳಾಸ ಬರೆದುಕೊಳ್ಳುವಾಗ ಅತ್ತೆ ಕೇಳಿದ್ದರು,
"ಇದೇನೇ, ಮನೆಯೋ ಪ್ರಯೋಗಶಾಲೆಯೋ?"

ಬ್ರೋಕನ್ ಹಿಲ್. ಮುರಿದ ಗುಡ್ಡ.
ಬೆಳ್ಳಿ, ಸತು, ಸೀಸ ಎಂದು ಅಜ್ಜಂದಿರು ಬಗೆದರು,
ಮೊಮ್ಮಕ್ಕಳು ಇನ್ನೂ ಬಗೆಯುತ್ತಿದ್ದಾರೆ.
ಊರ ನಟ್ಟನಡುವೆ ಗಣಿಯ ಕರಿ ದಿಬ್ಬ;
ಗಾಳಿ ಎದ್ದ ದಿನ ಅದು ಸೆರಗು ಕೊಡವುವುದು
ನಮ್ಮ ಕಿಟಕಿಯತ್ತಲೇ.

ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ಬಂದು
ತಗಡಿನ ಮನೆಯನ್ನು ಒರೆಸುತ್ತೇನೆ.
ಒಣ ಪೊರಕೆ ಕೂಡದು, ಒದ್ದೆ ಬಟ್ಟೆಯೇ ಆಗಬೇಕು.
ಇದು ಈ ಊರಿನ ಮಡಿ.
ಹಿಂಡಿದರೆ ಬಕೆಟ್ಟಿನ ತುಂಬ ಕಂದು ಚಹಾ.

ಆದರೂ ಇಳಾಳ ಬೆರಳ ತುದಿಯ ಒಂದು ಹನಿ
ಒಂಬತ್ತು ಎಂದಿತು. ಐದು ದಾಟಬಾರದಿತ್ತು.
ಹದಿನಾಲ್ಕು ತಿಂಗಳ ಕೂಸು,
ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟೇ ಲೋಕ ಕಲಿಯುವ ಹೊತ್ತು.
ಮಧುಕೇಶ ಅಂದೇ ರಾತ್ರಿ ಗಣಿ ಕಂಪನಿಗೆ ಕಾಗದ ಬರೆದ,
ಮೂರು ಪುಟ;
"ನಿಮ್ಮ ದಿಬ್ಬ" ಎಂಬ ಮಾತು ಅದರಲ್ಲಿ ಹನ್ನೊಂದು ಸಲ.
ಧೂಳಿನ ಪರೀಕ್ಷೆಯ ಚೀಟಿ ಬಂದರೆ ಜೊತೆಗೆ ಲಗತ್ತಿಸಬೇಕೆಂದು
ಅಂಚೆಗೆ ಹಾಕದೆ ಇಟ್ಟುಕೊಂಡ.

ಲೊರೇನ್ ಟ್ರೆವಾಸ್ಕಿಸ್ ಬಂದಳು. ನಾಲ್ಕು ತಲೆಮಾರು ಗಣಿಯವರು,
ಮುತ್ತಜ್ಜನನ್ನು ಕೆಮ್ಮು ಕೊಂದಿತು, ಅಪ್ಪನನ್ನೂ ಅದೇ.
ಒಂದಡಿ ಉದ್ದ ಒಂದಡಿ ಅಗಲದ ಪ್ಲಾಸ್ಟಿಕ್ ಚೌಕಟ್ಟು,
ಪ್ರತಿ ಜಾಗಕ್ಕೂ ಹೊಸ ಕೈಗವಸು, ಹೊಸ ಒರೆಬಟ್ಟೆ.
ಅತ್ತಿಂದಿತ್ತ ಒರೆಸಿ, ಮಡಿಚಿ, ಮತ್ತೆ ಮೇಲಿಂದ ಕೆಳಗೆ,
ಮಡಿಚಿ ಕೊಳವೆಗೆ ತುರುಕಿ ಬರೆಯುತ್ತಾಳೆ:
ಮುಂಬಾಗಿಲು. ಕಿಟಕಿ ದಂಡೆ. ಮಂಚದಡಿ.

ಅಡುಗೆಮನೆಯ ಮೂಲೆಯಲ್ಲಿ ನೆಲದಿಂದ ಗೇಣೆತ್ತರದ ಗೂಡು,
ಹಿತ್ತಾಳೆ ದೀಪ, ಗಣಪ, ಬೆಳ್ಳಿ ಬಟ್ಟಲು.
"ಅಲ್ಲೂ ಒರೆಸಬಹುದೇ?"
ನನ್ನ ನಾಲಿಗೆಯ ತುದಿಗೆ ಏನೋ ಬಂದು ನಿಂತಿತು.
ಅಷ್ಟರಲ್ಲಿ ಅವಳೇ ಬೂಟು ಕಳಚಿ
ಗೋಡೆಗೆ ಒರಗಿಸಿಟ್ಟಿದ್ದಳು,
ಹೆಬ್ಬೆರಳಲ್ಲಿ ತೂತಾದ ಕಾಲುಚೀಲ.
ಒರೆಸಿ ಅಂದೆ.

ಮೂರು ವಾರಕ್ಕೆ ಬಂತು.
ಮುಂಬಾಗಿಲು ನಲವತ್ತನಾಲ್ಕು.
ಕಿಟಕಿ ದಂಡೆ ಮೂವತ್ತೊಂದು.
ಮಂಚದಡಿ ಹನ್ನೆರಡು.
ದೇವರ ಗೂಡು ಎರಡು ಸಾವಿರದ ಮುನ್ನೂರ ಆರು.

ಯಂತ್ರ ತಪ್ಪಿರಬೇಕು, ಚುಕ್ಕಿ ಜಾರಿರಬೇಕು ಎಂದ ಮಧುಕೇಶ.
ಲೊರೇನ್ ಫೋನಿನಲ್ಲಿ ನಿಧಾನವಾಗಿ ಹೇಳಿದಳು:
"ನಮ್ಮ ಗುಡ್ಡದ ಸೀಸ ಒಂಟಿಯಾಗಿ ಓಡಾಡುವುದಿಲ್ಲ,
ಸತುವಿನ ಕೈ ಹಿಡಿದೇ ಬರುತ್ತದೆ.
ಇದು ಒಬ್ಬಂಟಿ.
ಆ ಬೆಳ್ಳಿ ಬಟ್ಟಲಲ್ಲಿರುವ ಕೆಂಪು, ಅದೇನು?"

ಅದು
ಪ್ರತಿ ವರ್ಷ ಅತ್ತೆ ಚಕ್ಕುಲಿ ಡಬ್ಬಿಯ ಜೊತೆಗೆ ಕಳಿಸುವ ಕುಂಕುಮ.
ಗ್ರಂಥಿಗೆ ಅಂಗಡಿಯಲ್ಲಿ ಎಲ್ಲಕ್ಕಿಂತ ಕೆಂಪಗಿದ್ದುದನ್ನು
ಅಂಗೈಗೆ ತಿಕ್ಕಿ ನೋಡಿ, ಆರಿಸಿ, ಎರಡು ಪೊಟ್ಟಣ ಹೆಚ್ಚಿಗೇ.
ದಿನಾ ಮುಂಜಾನೆ ಕೂಸಿನ ಹಣೆಗೆ ನಾನೇ ಇಟ್ಟದ್ದು,
ಯಾರ ಕಣ್ಣೂ ತಾಗದಿರಲೆಂದು.
ಅದನ್ನು ಒರೆಸಿಕೊಂಡು ಅವಳು ಬೆರಳು ಚೀಪುತ್ತಿದ್ದಳು.
ಎಷ್ಟು ಚೆಂದ ಎಂದು ಫೋಟೋ ತೆಗೆದಿದ್ದೇನೆ.

ದೀಪದ ಬುಡದಲ್ಲಿ ಕತ್ತಲೆಯೆಂದು ಚಿಕ್ಕಂದಿನಿಂದ ಕೇಳಿದ್ದೆ.
ಸೀಸವೆಂದು ಯಾರೂ ಹೇಳಿರಲಿಲ್ಲ.

ಮಧುಕೇಶನ ಮೂರು ಪುಟ ಫ್ರಿಜ್ಜಿನ ಮೇಲಿದೆ,
ಹರಿಯಲೂ ಇಲ್ಲ, ಕಳಿಸಲೂ ಇಲ್ಲ.
ನಲವತ್ತನಾಲ್ಕೇನು ಸುಳ್ಳೇ, ಎನ್ನುತ್ತಾನೆ ಆಗಾಗ.
ಸುಳ್ಳಲ್ಲ.

ನಾನು ಗಣಪನನ್ನು ತೊಳೆದು ಕಿಟಕಿಯಲ್ಲಿ ಒಣಗಲಿಟ್ಟು
ಗೂಡನ್ನು ಏಳು ಸಲ ಒರೆಸಿದೆ.
ಆರನೆಯ ಸಲವೂ ನೀರು ಗುಲಾಬಿ.

ಭಾನುವಾರ ಅತ್ತೆ ಕೇಳಿದರು,
"ಮಗು ಹಣೆ ಯಾಕೆ ಬೋಳು? ಕುಂಕುಮ ಮುಗಿಯಿತೇನೇ, ಕಳಿಸಲಾ?"
ಪರದೆಯ ತುಂಬ ಅವರ ಹಣೆ,
ಅರವತ್ತು ವರ್ಷದ ಅಗಲ ಬೊಟ್ಟು.
ಹೇಳಬೇಕು. ಹೇಳುತ್ತೇನೆ, ಮುಂದಿನ ವಾರ.
"ಬೇಡ ಅತ್ತೆ," ಅಂದೆ,
"ಇನ್ನೂ ಇದೆ."