ಮೂರನೇ ತೂಬು

ಬೋಗಾದಿ ರಸ್ತೆಯ ಈ ಕೋಣೆಗೆ ಸದ್ದು ಬರುವುದಿಲ್ಲ.
ಗೋಡೆಗೆ ಮೆತ್ತಿದ ಸ್ಪಂಜು ಬಸ್ಸಿನ ಹಾರನ್ನನ್ನೂ ನುಂಗುತ್ತದೆ.
ಒಂಬತ್ತರ ಹುಡುಗ ಕುರ್ಚಿಯ ತುದಿಗೆ ಕೂತಿದ್ದಾನೆ,
ತಲೆಗಿಂತ ದೊಡ್ಡ ಹೆಡ್‌ಫೋನು.

ಹೆಸರು?
'ಏಮಂತ.'
ಹಾಳೆಯ ಮೇಲೆ 'ಹೇ' ಬರೆದೆ,
ಅಲ್ಲೇ ಪೆನ್ನು ತಡೆಯಿತು.
ಇದು ತಪ್ಪಲ್ಲ, ಮಳವಳ್ಳಿ.
ಇವನಮ್ಮ ಆಲು ಕಾಯಿಸುತ್ತಾಳೆ, ಅಜ್ಜಿ ಊವ ಕಟ್ಟುತ್ತಾಳೆ,
ಅದರಿಂದ ಯಾರ ಮನೆಯ ಹಾಲೂ ಒಡೆದಿಲ್ಲ.

'ಕಮಲ'ದಲ್ಲಿ 'ಕ' ತೆಗೆದರೆ?
ಮೇಲೆ ನೋಡಿದ. ಫ್ಯಾನಿನ ರೆಕ್ಕೆ ಎಣಿಸಿದ.
'ಬಾಡೋಯ್ತದೆ.'
ಅಂಕದ ಕಾಲಂನಲ್ಲಿ ಸೊನ್ನೆ ಇಟ್ಟೆ,
ಇಟ್ಟ ಕೈಗೆ ನಾಚಿಕೆಯಾಯಿತು.

ಪರದೆಯ ಮೇಲೆ ಅವನ ತಲೆಯೊಳಗಿನ ಚಿತ್ರ:
ಕಿವಿಯ ಹಿಂದಿನಿಂದ ಹೊರಟ ಎಳೆ
ಅಕ್ಷರ ಕಾಣುವ ಕಡೆ ಹೋಗುತ್ತ ಹೋಗುತ್ತ
ತೆಳ್ಳಗಾಗಿ
ಬೂದಿ ಬಣ್ಣ.
ಪಕ್ಕದಲ್ಲಿ, ಸರಾಗ ಓದುವ ಬೇರೊಂದು ಮಗುವಿನದು,
ಹಗ್ಗದಷ್ಟು ದಪ್ಪ, ಕೆಂಪಗೆ.

ಅಪ್ಪ ನಿಂತೇ ನೋಡಿದ. ನೀರುಗಂಟಿ.
ಪ್ಯಾಂಟಿನ ಮಡಿಕೆಯಲ್ಲಿ ಇನ್ನೂ ಒಣಗದ ಕೆಸರು.
'ಮೊದ್ಲು ಗದ್ದೆಗೆ ಉಕ್ಕಿ ಅರೀತದೆ,
ಕೊನೆ ಗದ್ದೆಗೆ ಓಗೋ ಒತ್ಗೆ ನಾಲೇನೇ ಕುಡ್ಕಬುಡ್ತದೆ.
ಬಿತ್ತನೆ ತಪ್ಪಲ್ಲ ಅಲ್ವ ಮೇಡಂ?'

ಅಲ್ಲ ಅಂದೆ. ಹೂಳು ತೆಗೆಯಬಹುದು ಅಂದೆ,
ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ಸಲ ಇಲ್ಲಿಗೆ.
ಬಸ್ ಚಾರ್ಜಿನ ಮಾತು ನಾನೆತ್ತಲಿಲ್ಲ,
ಅವನೂ ಎತ್ತಲಿಲ್ಲ.

'ಇವ್ನ ಕಿವಿ ಮಾತ್ರ ಬಲು ಚುರ್ಕು.
ಸರೊತ್ನಲ್ಲಿ ಯಾವ ತೂಬ ಯಾರು ಕದ್ದೆತ್ತುದ್ರೂ
ಮಲ್ಗಿದ್ದಂಗೇ ಏಳ್ತಾನೆ.'
ಏಳುತ್ತಾನೋ, ಹೇಳುತ್ತಾನೋ?
ಇಪ್ಪತ್ತು ವರ್ಷ ಕಿವಿಯ ಶಾಸ್ತ್ರ ಓದಿದ ನಾನು
ಒಂದು ಗಳಿಗೆ ತಡವರಿಸಿದೆ.
ಇಷ್ಟು ಪುಟ ತಿರುವಿದ್ದೇನೆ, ಅಕ್ಷರದೊಳಗಿನ ದನಿ
ಯಾವತ್ತು ಕೇಳಿಸದಾಯಿತೋ ನೆನಪಿಲ್ಲ.

ಹೇಗೆ ಗೊತ್ತಾಗುತ್ತೋ ನಿಂಗೆ?
ಹೆಡ್‌ಫೋನು ತೆಗೆದಿಟ್ಟು ಕಣ್ಣು ಮುಚ್ಚಿದ.
'ಎರಡ್ನೇದು ಗುಳುಕ್ ಅಂತದೆ.
ಮೂರ್ನೇದು ಗೊಳಕ್.
ಅದ್ರ ಅಲಗೆ ಊದ್ಕಂಡದೆ.'

ಅಂಕದ ಹಾಳೆ ಮಗುಚಿದೆ.
ಬೆನ್ನಿನ ಬಿಳಿಯ ಮೇಲೆ ದಪ್ಪಗೆ ಬರೆದೆ:
ಗು. ಗೊ.
ಇದರಲ್ಲಿ ಮೂರನೇ ತೂಬು ಯಾವುದಪ್ಪ?

ಉಗುರಲ್ಲಿ ಮಣ್ಣಿರುವ ಬೆರಳು
ಎರಡರ ಮೇಲೂ ಸುಳಿಯಿತು, ನಿಂತಿತು.
ತುಟಿ ಸದ್ದಿಲ್ಲದೆ ಗುಂಡಗಾಯಿತು.
ಬದುವಿನ ಮೇಲೆ ನೀರು ಕಾಯುವವರ ಹಾಗೆ
ನಾವಿಬ್ಬರೂ ಬಗ್ಗಿದೆವು.