ಹಳದಿ ಪುಸ್ತಕ

ಊಟದ ಮೇಜಿನ ಮೇಲೆ ಎರಡು ಪುಸ್ತಕ.
ನೀಲಿಯದು ದಪ್ಪ, ಒಂದೇ ವರ್ಷಕ್ಕೆ ಮುಗಿಯುವಂಥದ್ದು.
ಹಳದಿಯದು ಎರಡು ವರ್ಷಕ್ಕೆ ಹರಡಿಕೊಂಡದ್ದು,
ಪುಟಕ್ಕೆ ನಾಲ್ಕೇ ಲೆಕ್ಕ, ಉಳಿದದ್ದೆಲ್ಲ ಬಿಳಿ ಜಾಗ,
ಉಸಿರೆಳೆದುಕೊಳ್ಳಲೆಂದೇ ಯಾರೋ ಬಿಟ್ಟ ಹಾಗೆ.

ಫುಜೈರಾದಲ್ಲಿ ಮಧ್ಯಾಹ್ನದ ಮೂರು ಗಂಟೆ.
ಏಸಿಯ ನೀರು ಬಾಲ್ಕನಿಯ ಬಕೆಟ್ಟಿಗೆ
ತೊಟ್ಟು ತೊಟ್ಟಾಗಿ ಬೀಳುತ್ತಿದೆ.
ಶಾಲೆ ಬಿಡಿಸಿ ಒಂಬತ್ತು ತಿಂಗಳು.
ಮನ್ವಿತನಿಗೆ ಹದಿನಾಲ್ಕು, ಮೀಸೆ ಚಿಗುರುತ್ತಿದೆ.
ಮೈನಸ್ ಮೂರರಿಂದ ಮೈನಸ್ ಐದು ಕಳೆ ಎಂದರೆ
ಕಿಟಕಿಯ ಕಡೆ ನೋಡುತ್ತಾನೆ,
ಉತ್ತರ ಅಲ್ಲೆಲ್ಲೋ ಲಂಗರು ಹಾಕಿದೆ ಎಂಬಂತೆ.

ನಾನು ಕಾರ್ಕಳದ ಹೈಸ್ಕೂಲಿನಲ್ಲಿ
ಮೇಷ್ಟರು ಸೀಮೆಸುಣ್ಣ ಕೆಳಗಿಡುವ ಮೊದಲೇ
ಉತ್ತರ ಹೇಳಿಬಿಡುತ್ತಿದ್ದವಳು.
'ನನ್ನ ಹೊಟ್ಟೆಯಲ್ಲಿ ಹುಟ್ಟಿ ನೀನು...'
ಎಂದು ಶುರುವಾಗುವ ಮಾತನ್ನು
ಎಷ್ಟೋ ಸಲ ನುಂಗಿದ್ದೇನೆ.
ಎರಡು ಸಲ ನುಂಗಲಿಲ್ಲ.
ಸೂತ್ರ ನೆನಪಿಲ್ಲದ ಹುಡುಗನಿಗೆ
ಆ ಎರಡು ದಿನ ತಾರೀಕು ಸಮೇತ ನೆನಪಿದೆ.

ನೀಲಿಯಾದರೆ ಅಕ್ಕನ ಮಗಳ ಜೊತೆಗೇ ಪರೀಕ್ಷೆ.
ಹಳದಿಯಾದರೆ ಒಂದು ವರ್ಷ ಹಿಂದೆ,
ನಡುವೆ ಒಮ್ಮೆ ವೀಸಾ, ಎರಡು ಸಲ ಬಾಡಿಗೆ ಏರಿಕೆ,
'ಈಗ ಎಷ್ಟನೇ ಕ್ಲಾಸು?' ಎಂಬ ಊರಿನ ಫೋನುಗಳು
ಎಷ್ಟೋ.
ನೋಡಿ, ಈಗಲೂ ಕೂಡಿಸುತ್ತಲೇ ಇದ್ದೇನೆ.

ಇವರದು ಟಗ್ ಬೋಟಿನ ಕೆಲಸ.
ಮಲ್ಪೆಯಲ್ಲಿ ಹತ್ತನೇ ಕ್ಲಾಸು, ಅದೂ ಎರಡನೇ ಸಲಕ್ಕೆ.
ಲಕ್ಷ ಟನ್ನಿನ ಹಡಗನ್ನು ದಕ್ಕೆಗೆ ಒರಗಿಸುವಾಗ
ಒಂದು ಗೇಣಿಗೆ ಎಷ್ಟು ಹೊತ್ತು ಬೇಕು ಗೊತ್ತುಂಟಾ,
ಅವಸರ ಮಾಡಿದ್ರೆ ದಕ್ಕೆಯೇ ಹೋಗ್ತದೆ ಮಾರಾಯ್ತಿ
ಎಂದರು, ಬಂಗುಡೆಯ ಮುಳ್ಳು ಬಿಡಿಸುತ್ತ.
ಮಗನ ವಿಷಯಕ್ಕೋ, ಹಡಗಿನ ವಿಷಯಕ್ಕೋ,
ನಾನು ಕೇಳಲಿಲ್ಲ.

ಹೋದ ವರ್ಷ ಕಡಲ ದಂಡೆಯ ರಸ್ತೆಯಲ್ಲಿ
ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದಾಗ
ಪಟ್ಟಿ ಕಟ್ಟಿದ್ದು ಸೂಡಾನಿನ ಮುದುಕ ಇದ್ರೀಸ್.
ಜಬ್ರ್, ಜಬ್ರ್, ಎನ್ನುತ್ತಿದ್ದ ಸುತ್ತು ಸುತ್ತಿಗೂ.
ಮುರಿದದ್ದನ್ನು ಕೂಡಿಸುವುದಂತೆ.
ನಿಮ್ಮ ಶಾಲೆಯ ಅಲ್ಜೀಬ್ರಾ ಕೂಡ ಇದೇ ಮಾತು ಎಂದು
ನಕ್ಕಾಗ ಒಂದು ಹಲ್ಲಿರಲಿಲ್ಲ.
ನಮ್ಮಲ್ಲಿ ಅದು ಬೀಜಗಣಿತ,
ಮೊಳೆಯಲೇಬೇಕೆಂಬ ಹಟ ಹೆಸರಿನೊಳಗೇ ಇದೆ.
ಇವರಲ್ಲಿ ಮೂಳೆ.
ಅಲುಗಿಸದೆ ಬಿಟ್ಟರೆ ಸಾಕು.

ಆರು ವಾರ ಕೈ ಕೊರಳಿಗೆ ತೂಗಿತ್ತು.
ಆ ಆರು ವಾರದಲ್ಲಿ ಯಾರೂ,
ನಾನೂ,
ನಿನ್ನ ವಾರಗೆಯವರ ಮೂಳೆ ಮೂರೇ ವಾರಕ್ಕೆ ಕೂಡಿತು
ಎನ್ನಲಿಲ್ಲ.

'ಯಾವುದು ಬೇಕು?' ಎಂದೆ.
'ನೀಲಿ' ಎಂದ ತಕ್ಷಣ, ನನ್ನ ಮುಖ ನೋಡಿಕೊಂಡು.
ಆಮೇಲೆ ತಲೆ ತಗ್ಗಿಸಿ,
'ಹಳದಿ ತಗೊಂಡ್ರೆ ನಾನು ದಡ್ಡ ಅಂತ ಆಗ್ತದಾ?'

ನನ್ನ ಬಾಯಲ್ಲಿ ಉತ್ತರ ತಯಾರಿತ್ತು.
ಹೇಳಲಿಲ್ಲ.
ಹನ್ನೊಂದು ತೊಟ್ಟು ಎಣಿಸಿದೆ.
'ಗೊತ್ತಿಲ್ಲ. ಮೊದಲ ಪುಟ ನೋಡುವ' ಎಂದೆ.

ಎಕ್ಸಿಗೆ ಐದು ಕೂಡಿಸಿದರೆ ಎರಡು.
ಹಾಗಾದರೆ ಎಕ್ಸ್?
ಅವನು ಮೂರು ಎಂದು ಬರೆದ.
ಮೇಜಿನ ಕೆಳಗೆ ನನ್ನ ಕೈಯನ್ನು
ನನ್ನದೇ ಇನ್ನೊಂದು ಕೈಯಿಂದ ಹಿಡಿದುಕೊಂಡೆ.

ಹೊರಗೆ ಟ್ಯಾಂಕರುಗಳು
ಒಂದೇ ದಿಕ್ಕಿಗೆ ಮೂತಿ ಮಾಡಿ ನಿಂತಿದ್ದವು,
ಕೆಲವು ವಾರದಿಂದ, ಕೆಲವು ತಿಂಗಳಿಂದ,
ಸರದಿಗೆ.

ಅವನು ಮೂರನ್ನು ನೋಡುತ್ತ ಕೂತ.
ಬಹಳ ಹೊತ್ತು ಕೂತ.
ಮತ್ತೆ ಅದರ ಎಡಕ್ಕೆ ಒಂದು ಸಣ್ಣ ಗೆರೆ ಎಳೆದ,
ಇದ್ರೀಸ್ ಕಟ್ಟಿದ ಪಟ್ಟಿಯಷ್ಟು ನೇರ.
'ಸರಿಯಾ?' ಎಂದು ಕೇಳಲೂ ಇಲ್ಲ,
ಎರಡನೆಯದಕ್ಕೆ ಹೋದ.

ಬಕೆಟ್ಟು ತುಂಬಿ ಹರಿಯುತ್ತಿತ್ತು.
ಏಳಲಿಲ್ಲ ನಾನು.