ಕೆಂಪು ಬಲ್ಬು

ಪೀಣ್ಯ ಎರಡನೇ ಹಂತ, ಗ್ಯಾಸ್ಕೆಟ್ ಕಾರ್ಖಾನೆ.
ಫೈಲು ತೊಡೆಯ ಮೇಲಿಟ್ಟು ಕೂತೆ.
ಮಾಲೀಕ ಬಸವಂತಪ್ಪ ಅದರ ಕಡೆ ನೋಡಲಿಲ್ಲ.
"ಕಿವಿ ಕೇಳಲ್ಲ ಅಂತೀರಿ. ಸೈರನ್ ಕೂಗಿದರೆ?"
ಕೆಂಪು ಬಲ್ಬು, ಅಂದೆ.
"ಕರೆಯಬೇಕಾದರೆ?"
ಭುಜ ತಟ್ಟಿ.
"ಬೈಯಬೇಕಾದರೆ?"
ಅದಕ್ಕೆ ನನ್ನ ಫೈಲಿನಲ್ಲಿ ಹಾಳೆಯಿರಲಿಲ್ಲ.

ಮೂರು ತಿಂಗಳ ಮೇಲೆ ಹೋದೆ.
ಬಲ್ಬು ಇತ್ತು, ಕ್ಯಾಲೆಂಡರಿನ ಮೊಳೆಗೇ ಜೋತುಕೊಂಡು.
ಜಬೀನಾಳ ಹೆಬ್ಬೆರಳು ರಬ್ಬರಿನ ಅಂಚು ಸವರುತ್ತ
ಕೂದಲೆಳೆಯ ಸೀಳು ಸಿಕ್ಕರೆ ಬುಟ್ಟಿಗೆಸೆಯುತ್ತಿತ್ತು.
ಪಕ್ಕದ ಮುದ್ದವೀರಮ್ಮ
ಇಲ್ಲದ ಮೀಸೆ ತಿರುವಿ, ಕಣ್ಣು ಕೆರಳಿಸಿ, ಮೇಜು ಕುಟ್ಟಿದಳು.
ಜಬೀನಾ ಇಡೀ ಮೈಯಿಂದ ನಕ್ಕಳು.
ನಾವು ಕಲಿಸಿದ ಸನ್ನೆಯಲ್ಲ ಅದು,
ಇಲ್ಲೇ ಹುಟ್ಟಿದ್ದು.

ಅಷ್ಟರಲ್ಲಿ ಕರೆಂಟು ಹೋಯಿತು.
ಬಲ್ಬೂ ಹೋಯಿತು.
ಕತ್ತಲಲ್ಲಿ ಸನ್ನೆಗೂ ಬಾಯಿಲ್ಲ.
ಜನರೇಟರ್, ಡೀಸೆಲ್, ಯಾರ ಹತ್ರ ಟಾರ್ಚು,
ಗದ್ದಲದ ನಡುವೆ ನಾನು
ಅವಳ ಹೆಸರು ಹಿಡಿದು ಕೂಗಿದೆ.
ಹನ್ನೊಂದು ವರ್ಷದ ಅನುಭವ ನನ್ನದು,
ಕೂಗಿದೆ!

ಬೆಳಕು ಬಂದಾಗ
ಮುದ್ದವೀರಮ್ಮ ಅವಳ ಅಂಗೈ ಬಿಡಿಸಿ ಹಿಡಿದಿದ್ದಳು,
ಮಸಿಬೆರಳಿನಲ್ಲಿ ಬರೆಯುತ್ತಿದ್ದಳು: ಟೀ.
ದೀರ್ಘ ಅರ್ಧಕ್ಕೇ ನಿಂತಿತ್ತು.
ಜಬೀನಾ ಆಗಲೇ ಎದ್ದಿದ್ದಳು,
ಲೋಟ ತರಲು.